ನುಣುಪು ಕಲ್ಲು ಜೋಳ ಬೀಸೀತೇ?

ಮಕ್ಕಳೇ, ನೀವು ಬೀಸುವ ಕಲ್ಲು ನೋಡಿದ್ದೀರಾ? ಗಿರಣಿ ಬಂದ ಮೇಲೆ ಅದು ಎಷ್ಟೋ ಮನೆಗಳಲ್ಲಿ ಹಿತ್ತಲ ಮೂಲೆ ಸೇರಿದೆ. ನಿಮ್ಮ ಅಜ್ಜಿಯನ್ನು ಕೇಳಿ, ಅವರು ಹೇಳುತ್ತಾರೆ. ದಿನಾ ಬೀಸಿ ಬೀಸಿ ಕಲ್ಲು ನುಣುಪಾಗಿಬಿಟ್ಟರೆ ಎಷ್ಟು ತಿರುಗಿಸಿದರೂ ಜೋಳ ಹಿಟ್ಟಾಗುವುದಿಲ್ಲ. ಕಾಳು ಜಾರಿ ನುಚ್ಚಾಗಿ ಹೊರಗೆ ಬೀಳುತ್ತದೆ. ರಟ್ಟೆ ನೋಯುತ್ತದೆ, ರೊಟ್ಟಿಗೆ ಹಿಟ್ಟಿಲ್ಲ! ಆಗ ಉಳಿ, ಸುತ್ತಿಗೆ ಹಿಡಿದು ಓಣಿಗೆ ಬರುವವರನ್ನು ಕರೆದು ಕಲ್ಲಿಗೆ ಸಣ್ಣ ಸಣ್ಣ ಕಚ್ಚು ಹಾಕಿಸುತ್ತಿದ್ದರು. ಮರುದಿನದಿಂದ ಅದೇ ಕಲ್ಲು, ಅದೇ ಕೈ, ಆದರೆ ಹಿಟ್ಟು ಮಾತ್ರ ಮಲ್ಲಿಗೆಯ ಹಾಗೆ.

ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಸೀಮೆಯೇ ಕಲ್ಲಿನ ಸೀಮೆ. ಶಹಾಬಾದ ಪರಸಿ ಎಲ್ಲೆಲ್ಲಿಗೋ ಹೋಗಿ ಮನೆಯ ನೆಲವಾಗಿದೆ. ಪಡಸಾಲೆಗೆ ಪಾಲಿಶ್ ಮಾಡಿದ ಪರಸಿ ಹಾಕುವವರು ಬಚ್ಚಲಿಗೆ ಮಾತ್ರ ಒರಟು ಪರಸಿಯನ್ನೇ ಆರಿಸುತ್ತಾರೆ. ನುಣುಪು ಕಣ್ಣಿಗೆ ಚೆಂದ, ಆದರೆ ಹಿಡಿತ ಬೇಕಾದ ಕಡೆ ಒರಟೇ ಬೇಕು. ಈ ವಾರ ಇದೇ ಮಾತನ್ನು ಒಂದು ಆಟದ ಕೋಲಿನ ತುದಿಗೆ ಹಚ್ಚಿ ನೋಡೋಣ.

ಪೂಲ್ ಮತ್ತು ಸ್ನೂಕರ್ ಆಟವನ್ನು ನೀವು ಟಿ.ವಿ.ಯಲ್ಲಾದರೂ ನೋಡಿರುತ್ತೀರಿ. ಬಟ್ಟೆ ಹೊದಿಸಿದ ದೊಡ್ಡ ಮೇಜು, ಬಣ್ಣ ಬಣ್ಣದ ಚೆಂಡು, ಕೈಯಲ್ಲಿ ಉದ್ದನೆಯ ಕೋಲು. ಆ ಕೋಲಿಗೆ ಕ್ಯೂ ಎನ್ನುತ್ತಾರೆ. ಏಳನೆಯ ತರಗತಿ ಓದುವ ನನ್ನ ಮೊಮ್ಮಗಳು ಕಳೆದ ಬೇಸಿಗೆ ರಜೆಯಲ್ಲಿ ಈ ಆಟದ ಹುಚ್ಚು ಹತ್ತಿಸಿಕೊಂಡಳು. ತನ್ನ ಅಣ್ಣನ ಜೊತೆ ಒಂದು ಪೂಲ್ ಮನೆಗೆ ಹೋಗುತ್ತಿದ್ದಳು. ನಾಲ್ಕು ದಿನ ಕುಣಿಯುತ್ತ ಹೋದವಳು ಐದನೆಯ ದಿನ ಹೋಗಲೊಲ್ಲೆ ಎಂದು ಕುಳಿತಳು.

"ಯಾಕವ್ವ, ಏನಾಯ್ತು?" ಎಂದೆ.

"ಮುತ್ಯಾ, ನಾ ಹೊಡದ್ರ ಕೋಲ ಜಾರಿ ಹೋಗ್ತದ. ಟಕ್ ಅಂತ ಸಪ್ಪಳಾ ಬರ್ತದ, ಚೆಂಡು ಎಲ್ಲೆಲ್ಲೋ ಹೋಗ್ತದ. ಹುಡುಗೀರ ಕೈಯಾಗ ಬಲ ಇರಂಗಿಲ್ಲ ಅಂತ ಎಲ್ಲಾರೂ ನಗ್ತಾರ."

ಕೋಲು ಹಾಗೆ ಜಾರುವುದಕ್ಕೆ ಮಿಸ್‌ಕ್ಯೂ ಎಂದು ಹೆಸರು. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನಮಗೆಲ್ಲ ಗೊತ್ತು. ಅದು ಒಳ್ಳೆಯ ಗಾದೆಯೇ. ಆದರೆ ಒಂದೊಂದು ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ! ನೆಲ ನೋಡದೆ ಕುಣಿಯುವವಳನ್ನು ಬೈಯುವುದು ನ್ಯಾಯವಲ್ಲ. ಅದಕ್ಕೇ ಮರುದಿನ ನಾನೂ ಅವಳ ಜೊತೆ ಹೋಗಿ, ಅವಳ ಕೈಗೆ ಕೊಡುತ್ತಿದ್ದ ಕ್ಯೂ ಕೋಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಅದು ಹೊಸ ಬೂಟಿನ ಹಾಗೆ ಫಳಫಳ ಹೊಳೆಯುತ್ತಿತ್ತು. ನುಣುಪು ಬಿದ್ದ ಬೀಸುವ ಕಲ್ಲೇ ಅದು!

ಕೋಲಿನ ತುದಿಯಲ್ಲಿ ಏನಿರುತ್ತದೆ ಹೇಳುತ್ತೇನೆ. ಎಲ್ಲಕ್ಕಿಂತ ಮುಂದೆ ಚರ್ಮದ ಒಂದು ಚಿಕ್ಕ ಬಿಲ್ಲೆ. ಅದಕ್ಕೆ ಟಿಪ್ ಎನ್ನುತ್ತಾರೆ. ಪೂಲ್ ಕೋಲಿನಲ್ಲಿ ಅದರ ಅಗಲ ಸುಮಾರು 12ರಿಂದ 13 ಮಿಲಿಮೀಟರ್, ಸ್ನೂಕರ್ ಕೋಲಿನಲ್ಲಿ ಇನ್ನೂ ಚಿಕ್ಕದು. ಅದರ ಕೆಳಗೆ ಕೋಲು ಸೀಳದಂತೆ ಕಾಯುವ ಒಂದು ಉಂಗುರದಂಥ ಕಟ್ಟು ಇರುತ್ತದೆ. ಆಮೇಲೆ ಮರದ ಕೋಲು. ಆಟಗಾರ ಎಷ್ಟೇ ನಿಪುಣನಾಗಿರಲಿ, ಚೆಂಡನ್ನು ಮುಟ್ಟುವುದು ಈ ಚಿಕ್ಕ ಬಿಲ್ಲೆ ಮಾತ್ರ. ಅದೂ ಎಷ್ಟು ಹೊತ್ತು? ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಸುಮಾರು ಒಂದು ಪಾಲಿನಷ್ಟು. ಅಷ್ಟರೊಳಗೆ ಚರ್ಮ ಚೆಂಡನ್ನು ಹಿಡಿಯಬೇಕು. ನಡುವಿಗೆ ಹೊಡೆದರೆ ಹೇಗೋ ನಡೆದೀತು. ಚೆಂಡಿಗೆ ತಿರುಗು ಕೊಡಲು ಪಕ್ಕಕ್ಕೋ ಕೆಳಕ್ಕೋ ಹೊಡೆದರೆ, ನುಣುಪಾದ ಚೆಂಡಿನ ಮೇಲೆ ನುಣುಪಾದ ಟಿಪ್ ಜಾರಿಯೇ ಜಾರುತ್ತದೆ. ಜಾರದಂತೆ ತಡೆಯುವುದು ಟಿಪ್ಪಿಗೆ ಹಚ್ಚುವ ಚಾಕ್.

ಮಕ್ಕಳೇ, ಈ ಚಾಕ್ ನಿಮ್ಮ ಶಾಲೆಯ ಸೀಮೆಸುಣ್ಣವಲ್ಲ. ಮೊದಮೊದಲು ಆಟಗಾರರು ಬರಿಯ ಸುಣ್ಣದ ಪುಡಿಯನ್ನೇ ಹಚ್ಚುತ್ತಿದ್ದರು. ಅಮೆರಿಕದ ವಿಲಿಯಂ ಸ್ಪಿಂಕ್ಸ್ ಎಂಬ ಬಿಲಿಯರ್ಡ್ಸ್ ಆಟಗಾರ ಮತ್ತು ವಿಲಿಯಂ ಹಾಸ್ಕಿನ್ಸ್ ಎಂಬ ರಸಾಯನ ತಜ್ಞ ಸೇರಿ ಮರಳಿನ ಜಾತಿಯ ಸಿಲಿಕಾ ಪುಡಿ ಮತ್ತು ಗಟ್ಟಿಯಾದ ಉಜ್ಜುಪುಡಿ ಬೆರೆಸಿ ಹೊಸ ಚಾಕ್ ಮಾಡಿದರು. 1897ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಕೋಲಿಗೆ ಚರ್ಮದ ತುದಿಯನ್ನು ಬಳಕೆಗೆ ತಂದ ಕೀರ್ತಿ ಅದಕ್ಕೂ ಹಿಂದಿನ ಮಿಂಗೋ ಎಂಬ ಫ್ರೆಂಚ್ ಸೈನಿಕ ಅಧಿಕಾರಿಗೆ ಸಲ್ಲುತ್ತದೆ. ಇನ್ನು ಸ್ನೂಕರ್ ಹುಟ್ಟಿದ್ದು ಎಲ್ಲಿ ಗೊತ್ತೇ? ನಮ್ಮ ದೇಶದಲ್ಲೇ! 1875ರಲ್ಲಿ ಜಬಲಪುರದ ಸೈನಿಕರ ಮೆಸ್ಸಿನಲ್ಲಿ ಅದು ಹುಟ್ಟಿತು, ಆಮೇಲೆ ಊಟಿಯ ಕ್ಲಬ್ಬಿನಲ್ಲಿ ಅದರ ನಿಯಮಗಳು ಬರಹಕ್ಕೆ ಬಂದವು.

ಟಿಪ್ಪಿನ ವಿಷಯ ಬ್ಯಾಂಕಿನ ಗುಮಾಸ್ತನಾದ ನನಗೆ ಹೇಗೆ ತಿಳಿಯಿತು ಎನ್ನುತ್ತೀರಾ? ವಾಡಿಯಲ್ಲಿ ಕೆಲಸದಲ್ಲಿದ್ದಾಗ ಸಂಜೆ ಒಂದು ಕ್ಲಬ್ಬಿಗೆ ಹೋಗುತ್ತಿದ್ದೆ. ಟೇಬಲ್ಲು ನೋಡಿಕೊಂಡು ಆಟದ ಲೆಕ್ಕ ಹೇಳುವವರಿಗೆ ಮಾರ್ಕರ್ ಎನ್ನುತ್ತಾರೆ. ಅಲ್ಲಿಯ ಮಾರ್ಕರ್ ವಯಸ್ಸಾದವರು, ಓದು ಬರಹ ಅಷ್ಟಕ್ಕಷ್ಟೆ. ಆದರೆ ಪ್ರತಿ ಸಂಜೆ ಆಟಕ್ಕೆ ಮೊದಲು ಒಂದೊಂದು ಕೋಲಿನ ತುದಿಯನ್ನೂ ದೀಪಕ್ಕೆ ಹಿಡಿದು ನೋಡುತ್ತಿದ್ದರು. "ನೋಡ್ರಿ ಸಾಹೇಬ್ರ, ಚಾಕ್ ಕೂಡಬೇಕಂದ್ರ ಅದಕ್ಕ ಜಾಗಾ ಬೇಕಲ್ರಿ? ಪಾಲಿಶ್ ಪರಸಿ ಮ್ಯಾಲ ಧೂಳ ನಿಲ್ತದೇನ್ರಿ?" ಎನ್ನುತ್ತಿದ್ದರು. ನಾನು ಕಲಿತಿದ್ದೆಲ್ಲ ಅವರಿಂದಲೇ. ಅದನ್ನೇ ನಿಮಗೆ ಹೇಳುತ್ತೇನೆ.

ಮೊದಲು ಪರೀಕ್ಷೆ. ಟಿಪ್ಪಿಗೆ ಒಮ್ಮೆ ಚಾಕ್ ಹಚ್ಚಿ ಬೆಳಕಿಗೆ ಹಿಡಿಯಿರಿ. ಎಲ್ಲ ಕಡೆ ಸಮನಾಗಿ ಬಣ್ಣ ಹಿಡಿದಿದ್ದರೆ ಟಿಪ್ ಚೆನ್ನಾಗಿದೆ. ನಡುವೆ ಬೋಳು ತಲೆಯಂತೆ ಹೊಳೆಯುವ ಜಾಗ ಕಂಡರೆ ಅಲ್ಲಿ ಚರ್ಮ ಏಟು ತಿಂದು ತಿಂದು ದಡ್ಡುಗಟ್ಟಿದೆ ಎಂದರ್ಥ. ಅಲ್ಲಿ ಎಷ್ಟು ಚಾಕ್ ಹಚ್ಚಿದರೂ ಮೊದಲ ಏಟಿಗೇ ಉದುರುತ್ತದೆ.

ಎರಡನೆಯದು ಆಕಾರ. ಟಿಪ್ಪಿನ ತಲೆ ಚಪ್ಪಟೆ ಇರಬಾರದು, ಗುಮ್ಮಟದಂತೆ ಬಾಗಿರಬೇಕು. ಎಷ್ಟು ಬಾಗು? ಒಂದು ರೂಪಾಯಿಯ ನಾಣ್ಯವನ್ನು ಪಕ್ಕದಲ್ಲಿ ಹಿಡಿಯಿರಿ. ನಾಣ್ಯದ ಅಂಚಿನ ಬಾಗಿಗೆ ಟಿಪ್ಪಿನ ಬಾಗು ಹೊಂದಿದರೆ ಪೂಲ್ ಆಟಕ್ಕೆ ಸಾಕು. ಅಮೆರಿಕದ ಆಟಗಾರರು ಹೀಗೆಯೇ ತಮ್ಮ ನಿಕಲ್ ನಾಣ್ಯ ಹಿಡಿದು ಅಳೆಯುತ್ತಾರೆ. ಅದೂ ಹೆಚ್ಚುಕಡಿಮೆ ನಮ್ಮ ರೂಪಾಯಿಯಷ್ಟೇ ಅಗಲ. ತಲೆ ಚಪ್ಪಟೆಯಾದ ಟಿಪ್ಪಿನ ಅಂಚು ಚೆಂಡಿಗೆ ತಾಗುತ್ತದೆ, ಆ ಅಂಚಿನಲ್ಲಿ ಚಾಕ್ ನಿಲ್ಲುವುದಿಲ್ಲ. ಬಡಿಗೇರರು ಬಳಸುವ ನಯವಾದ ಪಾಲಿಶ್ ಪೇಪರಿನಿಂದ ನಡುವಿನಿಂದ ಅಂಚಿನ ಕಡೆಗೆ, ಕೋಲನ್ನು ತಿರುಗಿಸುತ್ತ, ಹಗುರವಾಗಿ ಉಜ್ಜಿದರೆ ಬಾಗು ಬರುತ್ತದೆ. ಇದು ಅಪರೂಪಕ್ಕೆ ಮಾಡುವ ಕೆಲಸ. ಕಳೆದ ಚರ್ಮ ಮತ್ತೆ ಬರುವುದಿಲ್ಲ.

ಮೂರನೆಯದೇ ಮುಖ್ಯ, ಕಚ್ಚು ಹಾಕುವುದು. ಸ್ವಲ್ಪ ಒರಟಾದ ಪಾಲಿಶ್ ಪೇಪರಿನ ತುಂಡನ್ನು ಗಟ್ಟಿ ಹಲಗೆಯ ಮೇಲಿಡಿ. ಟಿಪ್ಪನ್ನು ಅದಕ್ಕೆ ಒತ್ತಿ, ಎತ್ತಿ, ಸ್ವಲ್ಪ ಹೊರಳಿಸಿ ಮತ್ತೆ ಒತ್ತಿ. ತಿಕ್ಕಬೇಡಿ! ತಿಕ್ಕಿದರೆ ಚರ್ಮ ಸವೆಯುತ್ತದೆ, ಒತ್ತಿದರೆ ಬರಿಯ ಚುಕ್ಕೆಗಳು ಮೂಡುತ್ತವೆ. ನಮ್ಮ ಮಾರ್ಕರ್ ಇದನ್ನೇ ಚಿಕ್ಕ ಅರದಿಂದ ಮೆಲ್ಲಗೆ ತಟ್ಟಿ ಮಾಡುತ್ತಿದ್ದರು. ಹೊಳಪು ಹೋಗಿ ಮೇಲ್ಮೈ ಮಂಕಾದರೆ ಸಾಕು, ಅಲ್ಲಿಗೆ ನಿಲ್ಲಿಸಿ. ದಿನಾ ಮಾಡಬೇಕಿಲ್ಲ, ಚಾಕ್ ಹಿಡಿಯದಾದಾಗ ಮಾತ್ರ ಮಾಡಿ.

ನಾಲ್ಕನೆಯದು ಪಕ್ಕೆಗಳು. ಏಟು ತಿಂದ ಚರ್ಮ ಅಣಬೆಯಂತೆ ಹೊರಕ್ಕೆ ಚಾಚುತ್ತದೆ. ಅದನ್ನು ಕತ್ತರಿಸಿ ಸಮ ಮಾಡುವುದು ಹಿರಿಯರ ಕೆಲಸ; ಮಕ್ಕಳು ಬ್ಲೇಡು ಮುಟ್ಟಬಾರದು. ಪಕ್ಕೆಗಳನ್ನು ಚರ್ಮದ ತುಂಡಿನಿಂದ ತಿಕ್ಕಿ ನುಣುಪು ಮಾಡಬೇಕು. ಅಂದರೆ ತಲೆ ಒರಟು, ಪಕ್ಕೆ ನುಣುಪು. ಚರ್ಮ ಸವೆದು ಒಂದು ನಾಣ್ಯದ ದಪ್ಪಕ್ಕೆ ಇಳಿಯಿತೋ, ಹೊಸ ಟಿಪ್ ಹಾಕಿಸಬೇಕು. ಈ ಕೆಲಸವೆಲ್ಲ ಟೇಬಲ್ಲಿನಿಂದ ದೂರ ಆಗಲಿ. ಪುಡಿಯನ್ನು ಬಾಯಿಂದ ಊದಬೇಡಿ, ಮುಗಿದ ಮೇಲೆ ಕೈ ತೊಳೆಯಿರಿ.

ಇನ್ನು ಚಾಕ್ ಹಚ್ಚುವ ಬಗೆ. ಬಹಳ ಜನ ಚಾಕನ್ನು ಟಿಪ್ಪಿನ ಮೇಲಿಟ್ಟು ಗರಗರ ತಿರುಗಿಸುತ್ತಾರೆ. ಆಗ ಚಾಕಿನ ನಡುವೆ ಗುಣಿ ಬೀಳುತ್ತದೆ, ಆ ಗುಣಿಯ ಅಂಚು ಪಕ್ಕೆಗೆಲ್ಲ ಪುಡಿ ಮೆತ್ತುತ್ತದೆ, ಟಿಪ್ಪಿನ ತಲೆ ಮಾತ್ರ ಬರಿದು. ಹಾಗಲ್ಲ. ಹಣೆಗೆ ವಿಭೂತಿ ಹಚ್ಚುವಂತೆ ಹಗುರವಾಗಿ ಸವರಬೇಕು, ಅಂಚೂ ಮುಚ್ಚುವಂತೆ. ಆಮೇಲೆ ಒಮ್ಮೆ ಕಣ್ಣಿಟ್ಟು ನೋಡಬೇಕು.

ಅಜ್ಜಂದಿರೇ, ನಿಮಗೆ ನೆನಪಿದೆಯೇ, ನಮ್ಮ ಬ್ಯಾಂಕಿನ ಕೌಂಟರಿನಲ್ಲಿ ನೋಟು ಎಣಿಸಲು ನೀರಿನ ಸ್ಪಂಜು ಇಡುತ್ತಿದ್ದೆವು. ಚಿಂಚೋಳಿಯಲ್ಲಿದ್ದಾಗ ಹೊಸದಾಗಿ ಬಂದ ಹುಡುಗನೊಬ್ಬ ಪದೇ ಪದೇ ಎದ್ದು ಹೋಗುವುದು ಬೇಡವೆಂದು ಒಮ್ಮೆಲೇ ಬೆರಳು ಪೂರ್ತಿ ಅದ್ದಿಬಿಡುತ್ತಿದ್ದ. ಮೊದಲ ನಾಲ್ಕು ನೋಟು ತೊಯ್ದು ಅಂಟುತ್ತಿದ್ದವು, ಹತ್ತನೆಯದಕ್ಕೆ ಬೆರಳು ಒಣಗಿ ಜಾರುತ್ತಿತ್ತು. ಎಣಿಕೆ ತಪ್ಪದಿರಬೇಕೆಂದರೆ ತುಸುವೇ ಮುಟ್ಟಿಸಬೇಕು, ಮತ್ತೆ ಮತ್ತೆ ಮುಟ್ಟಿಸಬೇಕು. ಚಾಕಿನ ಲೆಕ್ಕವೂ ಇಷ್ಟೇ. ತುಸುವೇ, ಆದರೆ ಪ್ರತಿ ಹೊಡೆತಕ್ಕೂ ಮೊದಲು.

ದೊಡ್ಡ ಆಟಗಾರರನ್ನು ಗಮನಿಸಿ. 1958ರಲ್ಲಿ ಕಲ್ಕತ್ತೆಯಲ್ಲಿ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದ ವಿಲ್ಸನ್ ಜೋನ್ಸ್ ಸ್ವತಂತ್ರ ಭಾರತದ ಮೊದಲ ವಿಶ್ವ ಚಾಂಪಿಯನ್ನರಲ್ಲಿ ಒಬ್ಬರು. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಅರವಿಂದ ಸವೂರ್ ಅವರ ಬಳಿ ಕಲಿತು, 2003ರಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದರು. ಇಂದು ಅವರ ಹೆಸರಿನಲ್ಲಿ 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿಗಳಿವೆ. ಹುಡುಗಿಯರ ಕೈಯಲ್ಲಿ ಬಲವಿಲ್ಲ ಎನ್ನುವವರಿಗೆ ಬೆಂಗಳೂರಿನ ಚಿತ್ರಾ ಮಗಿಮೈರಾಜ್ ಮತ್ತು ವಿದ್ಯಾ ಪಿಳ್ಳೈ ಅವರ ಹೆಸರು ಹೇಳಿ. ಇಬ್ಬರೂ ದೇಶದ ಪರವಾಗಿ ಆಡಿದವರು. ಇಂಥವರ ಆಟ ಟಿ.ವಿ.ಯಲ್ಲಿ ಬಂದಾಗ ಚೆಂಡನ್ನಷ್ಟೇ ನೋಡಬೇಡಿ, ಹೊಡೆತಕ್ಕೆ ಬಾಗುವ ಮೊದಲು ಅವರ ಕೈ ಚಾಕಿನ ಕಡೆಗೆ ಹೋಗುವುದನ್ನೂ ನೋಡಿ.

ನನ್ನ ಮೊಮ್ಮಗಳ ಕಥೆ ಏನಾಯಿತು? ಪೂಲ್ ಮನೆಯವರ ಒಪ್ಪಿಗೆ ಕೇಳಿ, ಹೊರಗಿನ ಕಟ್ಟೆಯ ಮೇಲೆ ಕುಳಿತು ಅವಳೇ ಟಿಪ್ಪಿಗೆ ಕಚ್ಚು ಹಾಕಿದಳು. ನಾನು ಪಕ್ಕದಲ್ಲಿ ಕುಳಿತು ಹೇಳಿದೆನಷ್ಟೆ. ಒಳಗೆ ಹೋಗಿ ಚಾಕ್ ಸವರಿ ಹತ್ತು ಸಲ ಹೊಡೆದಳು. ಕೋಲು ಒಮ್ಮೆಯೂ ಜಾರಲಿಲ್ಲ. ಆದರೆ ಗುಣಿಗೆ ಬಿದ್ದ ಚೆಂಡು ಎರಡೇ! ನಗುತ್ತಿದ್ದ ಹುಡುಗರು ಸುಮ್ಮನೆ ನೋಡುತ್ತಿದ್ದರು. ಅವಳು ಬೇಸರಪಟ್ಟಾಳೆಂದು ನಾನು ಮುಖ ನೋಡಿದರೆ, ಮುಖ ಅರಳಿತ್ತು.

"ಮುತ್ಯಾ, ಈಗ ಕೋಲಿಂದ ಏನೂ ತಪ್ಪಿಲ್ಲ. ನನ್ನ ಗುರೀನೇ ತಪ್ಪಿದ್ದು. ಅದನ್ನ ನಾ ಕಲೀತೀನಿ!"

ನೋಡಿ ಮಕ್ಕಳೇ, ಸಾಧನ ಸರಿ ಇದ್ದರೆ ಸಿಗುವ ಲಾಭ ಇದು. ಯಾವ ತಪ್ಪು ಕೋಲಿನದು, ಯಾವುದು ನಮ್ಮದು ಎಂದು ಬೇರೆ ಬೇರೆಯಾಗಿ ಕಾಣುತ್ತದೆ. ನಮ್ಮದೆಂದು ತಿಳಿದ ತಪ್ಪನ್ನು ತಿದ್ದಿಕೊಳ್ಳಬಹುದು. ಕೈಯನ್ನೇ ಹಳಿದುಕೊಂಡು ಮೂಲೆ ಹಿಡಿದವರು ಏನನ್ನೂ ತಿದ್ದಿಕೊಳ್ಳಲಾರರು.

ಹಿರಿಯರಿಗೊಂದು ಮಾತು. ಪೂಲ್ ಆಡುವ ಜಾಗ ಸರಿಯಿಲ್ಲ ಎಂದು ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ತಡೆಯುತ್ತಾರೆ. ತಡೆಯುವ ಮೊದಲು ಒಂದು ಸಂಜೆ ನೀವೇ ಜೊತೆಗೆ ಹೋಗಿ ಕುಳಿತು ನೋಡಿ. ಅಜ್ಜ ಕುಳಿತಿರುವ ಜಾಗದಲ್ಲಿ ಬೈಗುಳ ತಾನಾಗಿಯೇ ಕಡಿಮೆಯಾಗುತ್ತದೆ!

ಈ ವಾರದ ಕೆಲಸ: ಒರಟಾಗಿ ಇರುವುದರಿಂದಲೇ ಕೆಲಸಕ್ಕೆ ಬರುವ ಐದು ವಸ್ತುಗಳನ್ನು ಮನೆಯಲ್ಲಿ ಹುಡುಕಿ. ಬೆಂಕಿಪೆಟ್ಟಿಗೆಯ ಪಕ್ಕ, ಸೈಕಲ್ಲಿನ ಟಾಯರು, ಕೊಬ್ಬರಿ ತುರಿಯುವ ತುರಿಮಣೆ ಹೀಗೆ. ಅವುಗಳಲ್ಲಿ ಯಾವುದು ಸವೆದು ನುಣುಪಾಗಿದೆ ಎಂದು ನೋಡಿ ಅಜ್ಜಿಗೆ ಹೇಳಿ. ಅಜ್ಜಿಯ ಲೆಕ್ಕದಲ್ಲಿ ಐದಲ್ಲ, ಹದಿನೈದು ಇರುತ್ತವೆ, ನೋಡುತ್ತಿರಿ!