ವಿದೇಶದಲ್ಲಿ ನಗರ ಯೋಜನೆ ಓದಿ ಬಂದವರಿಗೆ ಇಲ್ಲಿ ಕುರ್ಚಿ ಎಲ್ಲಿದೆ?

ಬೆಂಗಳೂರಲ್ಲಿ ಒಂದು ಜೋರು ಮಳೆ ಬಂದರೆ ಸಾಕು, ಸೋಷಿಯಲ್ ಮೀಡಿಯಾದಲ್ಲಿ ಅದೇ ಮಾತು ಶುರು: "ಯುರೋಪಿನ ನಗರಗಳನ್ನ ನೋಡಿ ಕಲೀಬೇಕು." ಕಲಿಯೋಕೆ ಹೋಗುವವರೇನೂ ಕಡಿಮೆ ಇಲ್ಲ. ಆರ್ಕಿಟೆಕ್ಚರ್, ಸಿವಿಲ್ ಎಂಜಿನಿಯರಿಂಗ್, ಭೂಗೋಳ, ಸಮಾಜಶಾಸ್ತ್ರ ಓದಿದ ನಮ್ಮ ಹುಡುಗ ಹುಡುಗಿಯರು ಸುಸ್ಥಿರ ನಗರ ಯೋಜನೆ ಓದೋಕೆ ಜರ್ಮನಿ, ನೆದರ್‌ಲ್ಯಾಂಡ್ಸ್, ಬ್ರಿಟನ್‌ಗೆ ಹೋಗ್ತಿದ್ದಾರೆ. ಅಲ್ಲಿ ಅವರು ಕಲಿಯೋದು ಏನು, ಕಲಿತು ಬಂದರೆ ಅದನ್ನ ಬಳಸೋಕೆ ಇಲ್ಲಿ ಜಾಗ ಇದೆಯಾ ಅನ್ನೋದನ್ನ ಮಾತ್ರ ಯಾರೂ ಕೇಳ್ತಿಲ್ಲ.

ಜರ್ಮನಿಯನ್ನೇ ತಗೊಳ್ಳಿ. ಡಾರ್ಟ್‌ಮಂಡ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 'ಸ್ಪ್ರಿಂಗ್' ಅನ್ನೋ ಸ್ನಾತಕೋತ್ತರ ಕೋರ್ಸ್ ಇದೆ. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಬೆಳೆಯುತ್ತಿರುವ ಪ್ರದೇಶಗಳ ಯೋಜನೆಗೆಂದೇ ರೂಪಿಸಿದ್ದು. ಮೊದಲ ವರ್ಷ ಡಾರ್ಟ್‌ಮಂಡ್‌ನಲ್ಲಿ, ಎರಡನೇ ವರ್ಷ ಘಾನಾ, ತಾಂಜಾನಿಯಾ, ಫಿಲಿಪ್ಪೀನ್ಸ್‌ನಂಥ ದೇಶದ ಪಾಲುದಾರ ವಿಶ್ವವಿದ್ಯಾಲಯದಲ್ಲಿ. ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯ ಕೈರೋದ ಐನ್ ಶಮ್ಸ್ ಜೊತೆ ಸೇರಿ ಇಂಥದ್ದೇ ಕೋರ್ಸ್ ನಡೆಸುತ್ತೆ. ಅಂದರೆ ಜರ್ಮನ್ನರೇ ಹೇಳ್ತಿದ್ದಾರೆ: ನಿಮ್ಮೂರಿನ ಪಾಠ ಬರೀ ನಮ್ಮೂರಲ್ಲಿ ಕೂತು ಕಲಿಯೋದಲ್ಲ.

ಹಾಗಾದರೆ ಅಲ್ಲಿ ಕಲಿಯೋಕೆ ಏನಿದೆ? ಸೈಕಲ್ ಪಥ, ಟ್ರಾಮ್, ಹಸಿರು ಛಾವಣಿ ಎಲ್ಲ ಯೂಟ್ಯೂಬ್‌ನಲ್ಲೇ ಸಿಗುತ್ತೆ. ಅದಕ್ಕಿಂತ ದೊಡ್ಡ ಪಾಠ, ಯೋಜನೆ ಮಾಡುವ ಅಧಿಕಾರ ಯಾರದ್ದು ಅನ್ನೋದು. ಜರ್ಮನಿಯ ಸಂವಿಧಾನದ 28ನೇ ವಿಧಿ ಸ್ಥಳೀಯ ಸ್ವಯಮಾಡಳಿತವನ್ನ ಖಾತ್ರಿಪಡಿಸುತ್ತೆ. ಅಲ್ಲಿನ ಕಟ್ಟಡ ಕಾಯ್ದೆ ಪ್ರಕಾರ ಊರಿನ ಭೂಬಳಕೆ ಯೋಜನೆ ಮಾಡೋದು ಆ ಊರಿನ ಪಾಲಿಕೆಯೇ. ಕರಡನ್ನ ಒಂದು ತಿಂಗಳು ಜನರ ಮುಂದಿಡಬೇಕು. ಬಂದ ಆಕ್ಷೇಪಣೆಗಳನ್ನ ಪರಿಶೀಲಿಸಬೇಕು, ಏನು ತೀರ್ಮಾನವಾಯ್ತು ಅಂತ ಆಕ್ಷೇಪಿಸಿದವರಿಗೆ ತಿಳಿಸಬೇಕು. ಇದು ಅಧಿಕಾರಿಯ ಒಳ್ಳೇತನಕ್ಕೆ ಬಿಟ್ಟದ್ದಲ್ಲ, ಕಾನೂನು.

ಬರ್ಲಿನ್‌ನ ಟೆಂಪಲ್‌ಹಾಫ್ ವಿಮಾನ ನಿಲ್ದಾಣ 2008ರಲ್ಲಿ ಮುಚ್ಚಿತು. ನಗರದ ಮಧ್ಯೆ ಸುಮಾರು 300 ಹೆಕ್ಟೇರ್ ಬಯಲು. ಸರ್ಕಾರ ಅಂಚಿನಲ್ಲಿ ಮನೆ ಕಟ್ಟೋಣ ಅಂದಿತು. ಜನ ಸಹಿ ಸಂಗ್ರಹಿಸಿ ಜನಮತಗಣನೆಗೆ ಒತ್ತಾಯಿಸಿದರು. 2014ರ ಮೇ 25ರಂದು ಬಹುಮತದಿಂದ 'ಬಯಲು ಬಯಲಾಗಿಯೇ ಇರಲಿ' ಅಂತ ತೀರ್ಪು ಕೊಟ್ಟರು. ಮನೆಗಳ ಕೊರತೆ ಇರುವ ಊರಲ್ಲಿ ಅದು ಸರಿಯಾದ ತೀರ್ಮಾನವೇ ಅನ್ನೋ ಜಗಳ ಇವತ್ತಿಗೂ ನಡೀತಿದೆ. ಆದರೆ ಆವತ್ತು ತೀರ್ಮಾನ ಮಾಡಿದ್ದು ಜನ.

ಈಗ ನಮ್ಮ ಕಡೆ ನೋಡಿ. ಬೆಂಗಳೂರಿನ 2015ರ ಮಾಸ್ಟರ್ ಪ್ಲಾನ್‌ಗೆ ಅನುಮೋದನೆ ಸಿಕ್ಕಿದ್ದು 2007ರಲ್ಲಿ. ಅದನ್ನ ಸಿದ್ಧಪಡಿಸೋಕೆ ಬಿಡಿಎ ನೆಚ್ಚಿಕೊಂಡಿದ್ದು ಫ್ರೆಂಚ್ ಮೂಲದ ಸಲಹಾ ಸಂಸ್ಥೆಯನ್ನ. 2031ರ ಪ್ಲಾನ್‌ಗೆ ಡಚ್ ಮೂಲದ ಸಂಸ್ಥೆ ಬಂತು. 2017ರ ನವೆಂಬರ್‌ನಲ್ಲಿ ಕರಡು ಹೊರಬಿತ್ತು, ಸಾವಿರಾರು ಆಕ್ಷೇಪಣೆ ಬಂದವು, 2020ರಲ್ಲಿ ಸರ್ಕಾರ ಕರಡನ್ನೇ ವಾಪಸ್ ಪಡೆಯಿತು. ನಗರ ಮತ್ತೆ ಹಳೇ ಪ್ಲಾನ್ ಮೇಲೇ ಕೂತಿತು. ಅಂದರೆ ಯುರೋಪಿನ ಪರಿಣತಿ ನಮಗೆ ಸಿಗದೇ ಇರಲಿಲ್ಲ. ದುಡ್ಡು ಕೊಟ್ಟು ತರಿಸಿಕೊಂಡಿದ್ದೀವಿ, ಒಂದಲ್ಲ, ಎರಡು ಸಲ. ತರಿಸಿಕೊಳ್ಳದೇ ಬಿಟ್ಟಿದ್ದು ಅಲ್ಲಿನ ಪ್ರಜಾಪ್ರಭುತ್ವವನ್ನ.

1993ರ ಜೂನ್ 1ರಂದು ಜಾರಿಯಾದ ಸಂವಿಧಾನದ 74ನೇ ತಿದ್ದುಪಡಿ ಮಹಾನಗರ ಯೋಜನಾ ಸಮಿತಿ ಇರಬೇಕು ಅನ್ನುತ್ತೆ. ಅದರ ಕನಿಷ್ಠ ಮೂರನೇ ಎರಡರಷ್ಟು ಸದಸ್ಯರನ್ನ ಪಾಲಿಕೆ ಸದಸ್ಯರು ಮತ್ತು ಪಂಚಾಯಿತಿ ಅಧ್ಯಕ್ಷರು ತಮ್ಮೊಳಗಿಂದಲೇ ಆರಿಸಬೇಕು. ಆದರೆ ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೇ ಮುಗೀತು. ಐದು ವರ್ಷ ಕಳೆದು, 2025ರ ಸೆಪ್ಟೆಂಬರ್‌ನಲ್ಲಿ ಐದು ಹೊಸ ಪಾಲಿಕೆಗಳು ಬಂದಾಗಲೂ ಒಂದರಲ್ಲೂ ಚುನಾಯಿತ ಸದಸ್ಯರಿರಲಿಲ್ಲ. ಕಾರ್ಪೊರೇಟರೇ ಇಲ್ಲದ ಮೇಲೆ ಸಮಿತಿಗೆ ಆರಿಸೋರು ಯಾರು? ಇವೆಲ್ಲದರ ಮೇಲೆ ನಿಂತ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯಂಥ ಸಾವಿರಾರು ಕೋಟಿಯ ಯೋಜನೆ ರೂಪುಗೊಂಡಿದ್ದೂ ಇದೇ ಕೌನ್ಸಿಲ್ ಇಲ್ಲದ ಕಾಲದಲ್ಲಿ. ಡಾರ್ಟ್‌ಮಂಡ್‌ನಲ್ಲಿ ಓದಿ ಬಂದವರು ಈ ವ್ಯವಸ್ಥೆಯಲ್ಲಿ ಯಾವ ಸಭೆಗೆ ಹೋಗಿ ತಮ್ಮ ನಕ್ಷೆ ಹರಡಬೇಕು ಹೇಳಿ.

ಹುದ್ದೆಗಳೆಲ್ಲಿ?

ನೀತಿ ಆಯೋಗ 2021ರ ಸೆಪ್ಟೆಂಬರ್‌ನಲ್ಲಿ ನಗರ ಯೋಜನಾ ಸಾಮರ್ಥ್ಯದ ಬಗ್ಗೆ ಒಂದು ವರದಿ ಕೊಟ್ಟಿತು. ದೇಶದ 7,933 ನಗರ ಪ್ರದೇಶಗಳಲ್ಲಿ ಸುಮಾರು ಶೇ. 65ರಷ್ಟಕ್ಕೆ ಮಾಸ್ಟರ್ ಪ್ಲಾನೇ ಇಲ್ಲ. ರಾಜ್ಯಗಳ ನಗರ ಯೋಜನಾ ಇಲಾಖೆಗಳಿಗೆ 12 ಸಾವಿರಕ್ಕೂ ಹೆಚ್ಚು ಯೋಜಕರು ಬೇಕು. ಮಂಜೂರಾದ ಹುದ್ದೆ 4 ಸಾವಿರಕ್ಕಿಂತ ಕಡಿಮೆ. ಅದರಲ್ಲೂ ಅರ್ಧ ಖಾಲಿ. ಇನ್ನೂ ವಿಚಿತ್ರ ಅಂದರೆ, ಹಲವು ರಾಜ್ಯಗಳಲ್ಲಿ ಈ ಹುದ್ದೆಗೆ ನಗರ ಯೋಜನೆಯ ಪದವಿ ಕಡ್ಡಾಯವೇ ಅಲ್ಲ.

ಓದಿದವರು ಕೊನೆಗೆ ಹೋಗೋದೆಲ್ಲಿಗೆ ಅಂತ ಊಹಿಸೋದು ಕಷ್ಟವಲ್ಲ. ಸಾಲ ತೀರಿಸಬೇಕಾದವರು ಅಲ್ಲೇ ಕೆಲಸ ಹುಡುಕ್ತಾರೆ, ಇಲ್ಲಾಂದ್ರೆ ವಾಪಸ್ ಬಂದು ಕನ್ಸಲ್ಟನ್ಸಿ ಸೇರ್ತಾರೆ. ಅದೇ ಕನ್ಸಲ್ಟನ್ಸಿಯಿಂದ ಸರ್ಕಾರ ವರದಿ ಬರೆಸಿಕೊಳ್ಳುತ್ತೆ. ಪರಿಣತಿ ಸರ್ಕಾರದ ಒಳಗೆ ಬೆಳೆಯೋದಿಲ್ಲ, ಗುತ್ತಿಗೆ ಮುಗಿದ ದಿನ ಎದ್ದು ಹೋಗುತ್ತೆ. ಆ ವರದಿಯನ್ನ ಚುನಾವಣೆಯಲ್ಲಿ ಪ್ರಶ್ನಿಸೋಕೆ ನಿಮಗೂ ಆಗಲ್ಲ, ನನಗೂ ಆಗಲ್ಲ.

ಹೋಗೋಕೆ ಆಗೋದು ಯಾರಿಗೆ?

ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ ಅನ್ನೋದು ನಿಜ. ಆದರೆ ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರು 2017ರಿಂದ ಸೆಮಿಸ್ಟರ್‌ಗೆ 1,500 ಯೂರೋ ಕಟ್ಟಬೇಕು. ಸ್ಕಾಲರ್‌ಶಿಪ್ ಇಲ್ಲದವರು ವೀಸಾಗೆ ಮುಂಚೆ ವರ್ಷದ ಖರ್ಚು ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಆ ಮೊತ್ತ 11,904 ಯೂರೋ ಆಯ್ತು, ಅಂದರೆ ಹತ್ತು ಲಕ್ಷ ರೂಪಾಯಿಗೂ ಮೇಲೆ. ರಾಜಕಾಲುವೆ ಪಕ್ಕದ ಶೀಟಿನ ಮನೆಯಲ್ಲಿ ಬೆಳೆದ ಹುಡುಗಿ ಇಷ್ಟು ದುಡ್ಡು ಎಲ್ಲಿಂದ ತರಬೇಕು? ಪ್ರವಾಹ ಯಾವ ಕಡೆಯಿಂದ ಮನೆಗೆ ನುಗ್ಗುತ್ತೆ ಅಂತ ಗೊತ್ತಿರೋದು ಅವಳಿಗೆ. ನಕ್ಷೆ ಬರೆಯೋ ಕಲಿಕೆ ಸಿಗೋದು ಮಾತ್ರ ಬೇರೆಯವರಿಗೆ.

ಇಂಥವರಿಗಾಗಿಯೇ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಇಡೀ ದೇಶಕ್ಕೆ 125 ಸೀಟು, ಅದರಲ್ಲಿ 115 ಪರಿಶಿಷ್ಟ ಜಾತಿಯವರಿಗೆ. 2025-26ರಲ್ಲಿ ಆಯ್ಕೆಯಾದ 106 ಮಂದಿಯಲ್ಲಿ ಮೊದಲಿಗೆ ತಾತ್ಕಾಲಿಕ ಮಂಜೂರಾತಿ ಪತ್ರ ಸಿಕ್ಕಿದ್ದು 40 ಮಂದಿಗೆ. ಉಳಿದ 66 ಜನಕ್ಕೆ ಸಿಕ್ಕ ಉತ್ತರ: ಹಣ ಲಭ್ಯವಾದರೆ ನೋಡೋಣ.

ಇದಕ್ಕಿಂತ ಆಳದ ಏಟು ಬಿದ್ದಿದ್ದು 2022ರಲ್ಲಿ. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಬಗೆಗಿನ ವಿಷಯಗಳಿಗೆ ಈ ವಿದ್ಯಾರ್ಥಿವೇತನ ಇಲ್ಲ ಅಂತ ನಿಯಮ ಬದಲಾಯ್ತು. ಇದಕ್ಕೂ ನಗರ ಯೋಜನೆಗೂ ಏನು ಸಂಬಂಧ ಅಂತೀರಾ? ಪ್ಲೇಗ್ ಕಾಲದಲ್ಲಿ ಎದ್ದ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳಲ್ಲಿ ನಿವೇಶನಗಳನ್ನ ಜಾತಿವಾರು ವಿಂಗಡಿಸಲಾಗಿತ್ತು. ನಮ್ಮ ಊರುಗಳ ನಕ್ಷೆಯಲ್ಲಿ ಜಾತಿ ಮೊದಲಿಂದಲೂ ಇದೆ. ಕೇರಿ ಎಲ್ಲಿರಬೇಕು, ಕಸ ಎಲ್ಲಿ ಸುರಿಯಬೇಕು, ಪೌರಕಾರ್ಮಿಕರ ಕಾಲೋನಿ ಎಲ್ಲಿ ಅನ್ನೋದೆಲ್ಲ ನಗರ ಯೋಜನೆಯೇ. ಅದನ್ನ ಅಧ್ಯಯನ ಮಾಡೋಕೆ ಹೊರಟ ದಲಿತ ವಿದ್ಯಾರ್ಥಿಗೆ ಆ ನಿಯಮ ಅಡ್ಡ ನಿಲ್ಲುತ್ತೆ. ಸುಸ್ಥಿರತೆ ಓದಬಹುದು, ಯಾರ ಬೆನ್ನ ಮೇಲೆ ಸುಸ್ಥಿರತೆ ಅಂತ ಕೇಳಬಾರದು.

ಹಾಗಂತ ಅಲ್ಲೇನೂ ಸ್ವರ್ಗ ಇಳಿದಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಬರ್ಲಿನ್ ಜನ, ದೊಡ್ಡ ಕಂಪನಿಗಳ ಬಾಡಿಗೆ ಮನೆಗಳನ್ನ ಸಾರ್ವಜನಿಕ ಒಡೆತನಕ್ಕೆ ತರಬೇಕು ಅಂತ ಬಹುಮತದಿಂದ ಮತ ಹಾಕಿದರು. ಆ ಮತಕ್ಕೆ ಕಾನೂನಿನ ಬಲ ಇರಲಿಲ್ಲ, ಸರ್ಕಾರ ಸಮಿತಿ ಮಾಡಿ ಕಾಲ ತಳ್ಳಿತು. ದುಡ್ಡಿನ ಮುಂದೆ ಮತ ಸೋಲೋದು ಅಲ್ಲಿಯೂ ಉಂಟು. ಅಲ್ಲಿಗೆ ಹೋಗೋರು ಇದನ್ನೂ ಓದಿಕೊಂಡೇ ಬರಬೇಕು.

ಹಾಗಾಗಿ, ಹೋಗೋರು ಹೋಗಲಿ. ಅಪ್ಲಿಕೇಷನ್ ಹಾಕುವಾಗ ಯೂನಿವರ್ಸಿಟಿ ರ‍್ಯಾಂಕಿಂಗ್ ಜೊತೆಗೆ ಒಂದು ವಿಷಯ ನೋಡಿ: ಆ ಕೋರ್ಸ್ ಭೂಮಿಯ ಹಕ್ಕು, ಸ್ಥಳೀಯ ಹಣಕಾಸು, ಕಾನೂನು ಕಲಿಸುತ್ತಾ, ಅಥವಾ ಬರೀ ಚಂದದ ಚಿತ್ರ ಬರೆಯೋದನ್ನ ಕಲಿಸುತ್ತಾ? ಇಲ್ಲೇ ಉಳಿದವರಿಗೂ ಕೆಲಸ ಇದೆ. ಪ್ರತಿ ಪಾಲಿಕೆಯಲ್ಲೂ ಕಾಯಂ ಯೋಜಕರ ಹುದ್ದೆ ತುಂಬಿ, ಅದಕ್ಕೆ ಪದವಿ ಕಡ್ಡಾಯ ಮಾಡಿ ಅಂತ ಕೇಳಬೇಕು. ಆ ವಿದ್ಯಾರ್ಥಿವೇತನದ ನಿಯಮ ತೆಗೆಯಿರಿ ಅಂತ ಕೇಳಬೇಕು. ಎಲ್ಲಕ್ಕಿಂತ ಮೊದಲು, ಪಾಲಿಕೆ ಚುನಾವಣೆ ಇನ್ನು ಯಾವತ್ತೂ ಹೀಗೆ ವರ್ಷಗಟ್ಟಲೆ ಮುಂದೆ ಹೋಗಬಾರದು ಅಂತ ಬೀದಿಗಿಳಿದು ಕೇಳಬೇಕು. ನಗರ ಯೋಜನೆ ಓದಿದವರು ನಕ್ಷೆ ಬರೆಯಬಹುದು. ಆ ನಕ್ಷೆಗೆ ಹೌದು ಅನ್ನೋಕೆ, ಬೇಡ ಅನ್ನೋಕೆ ವಾರ್ಡಿಗೊಬ್ಬ ಚುನಾಯಿತ ಪ್ರತಿನಿಧಿ ಇರಲೇಬೇಕು.