ತತ್ತಿಯಿಡದ ಮಂಡಲ

ಜೀವಿಗಳ ಹುಟ್ಟನ್ನು ನಮ್ಮ ಪೂರ್ವಿಕರು ಅಂಡಜ, ಜರಾಯುಜ, ಸ್ವೇದಜ, ಉದ್ಭಿಜ್ಜವೆಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಹಾವುಗಳನ್ನು ಹಕ್ಕಿಗಳೊಡನೆ ಅಂಡಜಗಳ ಸಾಲಿನಲ್ಲಿ ಕೂರಿಸಿದರು. ನಾಗರ, ಕೇರೆ, ಹೆಬ್ಬಾವುಗಳ ಮಟ್ಟಿಗೆ ಈ ಮಾತು ಸತ್ಯ. ಆದರೆ ಹಿಂಡಲಗಾ, ಖಾನಾಪುರಗಳ ಕಡೆಯ ರೈತರು ಬಲ್ಲ ಕೊಳಕುಮಂಡಲವು ಆ ಸಾಲಿಗೆ ಒಗ್ಗುವುದಿಲ್ಲ. ನೆರೆಯ ಮರಾಠಿ ಬಂಧುಗಳು ಘೋಣಸವೆಂದು ಕರೆಯುವ ಈ ಹಾವು ತತ್ತಿಯಿಡದೆ ಮರಿಗಳನ್ನೇ ಹೆರುತ್ತದೆ.

ಮಣ್ಣಿನಲ್ಲಿಟ್ಟ ತತ್ತಿಗೆ ನೀರಿನ ಭಯ, ಇರುವೆಯ ಭಯ, ಮುಂಗುಸಿಯ ಭಯ. ಮಂಡಲದ ತಾಯಿಯು ಭ್ರೂಣಗಳನ್ನು ಆರು ತಿಂಗಳಿಗೂ ಮಿಕ್ಕಿ ತನ್ನ ಒಡಲಲ್ಲಿಯೇ ಕಾಪಾಡುತ್ತದೆ. ತೊಗಲಿನಂಥ ದಪ್ಪ ಚಿಪ್ಪಿನ ಬದಲು ಅಲ್ಲಿರುವುದು ತೆಳುಪೊರೆ ಮಾತ್ರ. ಆಹಾರವು ಬಹುಪಾಲು ತತ್ತಿಯ ಹಳದಿಯಿಂದ ಒದಗಿದರೆ, ನೀರು ಮತ್ತು ಪ್ರಾಣವಾಯು ತಾಯಿಯ ಮೈಯಿಂದ ಪೊರೆಯ ಮೂಲಕ ದೊರೆಯುತ್ತವೆ. ತಾಯಿಯು ಬಿಸಿಲಿಗೆ ಮೈಯೊಡ್ಡಿದರೆ ಆ ಕಾವು ಒಡಲ ಮರಿಗಳಿಗೂ ಸಲ್ಲುತ್ತದೆ. ಬಸುರಿನ ಭಾರದಿಂದ ಅದರ ಚುರುಕು ಕುಗ್ಗುವುದೇ ಈ ರಕ್ಷಣೆಗೆ ತೆರುವ ಬೆಲೆ. ಮರಿಗಳು ತಾಯಿಯ ಬಸಿರನ್ನು ಕಚ್ಚಿ ಸೀಳಿ ಹೊರಬರುತ್ತವೆಂದು ಗ್ರೀಕರ ಹೆರೊಡೋಟಸನು ಬರೆದನು. ಅದು ಕೇವಲ ಕಥೆ.

ಹಲ್ಲಿ-ಹಾವುಗಳ ವಂಶಗಳಲ್ಲಿ ಮರಿ ಹೆರುವ ಈ ಕ್ರಮವು ನೂರಕ್ಕೂ ಹೆಚ್ಚು ಬಾರಿ ಬೇರೆಬೇರೆಯಾಗಿ ಮೂಡಿದೆಯೆಂದು ವಿಜ್ಞಾನಿಗಳು ಹೇಳುತ್ತಾರೆ. ನಮ್ಮ ಹಸಿರು ಹಾವು, ಮಣ್ಣುಮುಕ್ಕ ಹಾವುಗಳೂ ಮರಿಗಳನ್ನೇ ಹೆರುತ್ತವೆ. ಆಮೆ, ಮೊಸಳೆಗಳಲ್ಲಿ ಮಾತ್ರ ತತ್ತಿಯಿಡದ ಜಾತಿ ಇಂದು ಒಂದೂ ಇಲ್ಲ.

ಈ ತಿಳಿವಳಿಕೆಯು ಬರಿಯ ಕೌತುಕದ ಮಾತಲ್ಲ. ಮಂಡಲದ ಹೆರಿಗೆ ಹೆಚ್ಚಾಗಿ ಜೂನ್-ಜುಲೈ ತಿಂಗಳುಗಳಲ್ಲಿ, ಅಂದರೆ ಗದ್ದೆಯ ಕೆಲಸ ಭರದಿಂದ ಸಾಗುವ ಕಾಲದಲ್ಲಿಯೇ ಆಗುತ್ತದೆ. ಒಂದು ಬಸಿರಿನಲ್ಲಿ ಸಾಮಾನ್ಯವಾಗಿ 20ರಿಂದ 40 ಮರಿಗಳು, ಒಂದೊಂದೂ ಗೇಣುದ್ದ. ತಾಯಿ ಅವನ್ನು ಕಾಯುವುದಿಲ್ಲ. ಅವು ತಾವಾಗಿ ಚದುರುತ್ತವೆ. ಮೈಮೇಲಿನ ಸರಪಳಿಯಂಥ ಚುಕ್ಕೆಗಳನ್ನು ಕಂಡು ಹೆಬ್ಬಾವಿನ ಮರಿಯೆಂದು ಭ್ರಮಿಸಿ ಕೈಯಿಂದ ಎತ್ತುವವರುಂಟು. ಹುಟ್ಟಿದ ಗಳಿಗೆಯಿಂದಲೇ ಅದರ ಹಲ್ಲಿನಲ್ಲಿ ವಿಷವಿರುತ್ತದೆಂಬುದನ್ನು ಮರೆಯಬಾರದು.

ಆದುದರಿಂದ ಗದ್ದೆಗೆ ಹೋಗುವಾಗ ಕಾಲಿಗೆ ಮೆಟ್ಟು, ಇರುಳಿನಲ್ಲಿ ಕೈಯಲ್ಲಿ ದೀಪವಿರಲಿ. ಹುಲ್ಲಿನ ಹೊರೆಗೆ ಕೈಯಿಕ್ಕುವ ಮುನ್ನ ಕೋಲಿನಿಂದ ಕದಲಿಸಿರಿ. ಕಚ್ಚಿದರೆ ಗಾಯವನ್ನು ಕೊಯ್ಯದೆ, ಬಿಗಿದು ಕಟ್ಟದೆ, ಮಂತ್ರದವರ ಮನೆಗೆ ಅಲೆಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದೇ ಮದ್ದು. ಹಾವು ಕಡಿತವನ್ನು ವೈದ್ಯರು ಸರಕಾರಕ್ಕೆ ತಿಳಿಸಲೇಬೇಕೆಂದು ಕರ್ನಾಟಕವು 2024ರಲ್ಲಿ ವಿಧಿಸಿತು.

ಮಂಡಲವೂ ಬಸುರು ಹೊತ್ತ ತಾಯಿಯೇ. ಇಲಿಗಳನ್ನು ತಿಂದು ನಮ್ಮ ಕಾಳನ್ನು ಉಳಿಸುವ ಜೀವವದು. ಅದರ ಹುಟ್ಟಿನ ಬಗೆಯನ್ನು ಅರಿತು ದೂರದಿಂದಲೇ ದಾರಿ ಬಿಡುವುದು ಮನೆಯವರಿಗೂ ಕ್ಷೇಮ, ಅದಕ್ಕೂ ಕ್ಷೇಮ.