ಲಿಂಕರ್ ಅಂದ್ರೆ ಬರೀ ಹಗ್ಗ ಅಲ್ರೀ!

ಮೊನ್ನೆ ಔಷಧ ರಸಾಯನ ಓದಿದ ಗೆಳೆಯನೊಬ್ಬನ ಜೊತೆ ಚಹಾ ಕುಡೀತಾ ಜಗಳವೇ ಆಗೋಯ್ತು. ವಿಷಯ: ಪ್ರೋಟ್ಯಾಕ್. "ವಿಜ್ಞಾನ ಇರೋದು ಎರಡು ತುದಿಯಲ್ಲಿ, ನಡುವಿನ ಲಿಂಕರ್ ಬರೀ ಹಗ್ಗ. ಬಾಗುವಂಥ ಪೆಗ್ ಸರಪಳಿ ಹಾಕಿದ್ರೆ ಮುಗೀತು" ಅಂದ. ನನಗೆ ಉತ್ತರ ಹೊಳೆದದ್ದು ಎಂದಿನಂತೆ ಮನೆಗೆ ಬಂದ ಮೇಲೆ :-)

ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಜೀವಕೋಶದಲ್ಲಿ ಬೇಡವಾದ ಪ್ರೋಟೀನಿಗೆ ಯುಬಿಕ್ವಿಟಿನ್ ಅನ್ನೋ ಚೀಟಿ ಅಂಟಿಸಿ, ಚೂರು ಮಾಡಿ ಹಾಕೋ ವ್ಯವಸ್ಥೆ ಇದೆ. ಅದನ್ನ ಕಂಡುಹಿಡಿದವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಬಂತು. ಪ್ರೋಟ್ಯಾಕ್ ಅಣುವಿನ ಒಂದು ತುದಿ ರೋಗದ ಪ್ರೋಟೀನನ್ನು ಹಿಡಿಯುತ್ತೆ, ಇನ್ನೊಂದು ತುದಿ ಚೀಟಿ ಅಂಟಿಸೋ ಕಿಣ್ವವನ್ನ ಎಳೆದು ತರುತ್ತೆ. ನಡುವೆ ಇರೋದೇ ಲಿಂಕರ್. 2001ರಲ್ಲಿ ಅಮೆರಿಕದ ಕ್ರೂಸ್ ಮತ್ತು ಡೆಶೇಸ್ ತಂಡದವರು ಮೊದಲು ಮಾಡಿ ತೋರಿಸಿದ್ರು. ಈಗ ನಮ್ಮ ಬೆಂಗಳೂರಿನ ಸಿಂಜೀನ್, ಆರಿಜೀನ್‌ಗಳಲ್ಲೂ ಈ ಕೆಲಸ ನಡೆಯುತ್ತೆ.

ಹಗ್ಗವಂತೆ! ನಮ್ಮ ಅಲಖನೂರ ಕಡೆ ಯಾವ ರೈತನಿಗಾದ್ರೂ "ಎರಡು ಎತ್ತಿಗೆ ನೊಗ ಯಾಕೆ, ಕೊರಳಿಗೆ ಹಗ್ಗ ಕಟ್ಟಿ ಬಿಡ್ರಿ" ಅಂತ ಹೇಳಿ ನೋಡಿ. ಒಂದು ಬಾವಿ ಕಡೆ, ಒಂದು ಕಬ್ಬಿನ ಕಡೆ. ನಡುವಿನ ಅಂತರ, ದಿಕ್ಕು ಎರಡೂ ಸರಿ ಇದ್ರೇನೇ ಉಳುಮೆ.

2015ರಲ್ಲಿ ಬಂದ ಎಂಜೆಡ್1 ನೋಡಿ. ಅದರ ಒಂದು ತುದಿ ಬಿಆರ್‌ಡಿ2, 3, 4 ಅನ್ನೋ ಮೂರೂ ಅಣ್ಣತಮ್ಮ ಪ್ರೋಟೀನುಗಳನ್ನ ಹೆಚ್ಚುಕಡಿಮೆ ಒಂದೇ ಥರ ಹಿಡಿಯುತ್ತೆ. ಆದರೆ ಇಡೀ ಅಣು ಹೆಚ್ಚಾಗಿ ನಾಶ ಮಾಡೋದು ಬಿಆರ್‌ಡಿ4ನ್ನ! 2017ರ ಸ್ಫಟಿಕ ಚಿತ್ರದಲ್ಲಿ ಕಾರಣ ಕಾಣಿಸ್ತು: ಲಿಂಕರ್ ತಂದು ನಿಲ್ಲಿಸಿದ ಜಾಗದಲ್ಲಿ ಆ ಪ್ರೋಟೀನೂ ಕಿಣ್ವವೂ ಪರಸ್ಪರ ಮೈ ತಾಗಿಸಿಕೊಂಡಿದ್ವು. ತುದಿಯಷ್ಟನ್ನೇ ನೋಡಿದವನಿಗೆ ಇದು ತಿಳಿಯೋದು ಹೇಗೆ?

"ಎಂಜೆಡ್1ನಲ್ಲಿ ಇರೋದೂ ಬಾಗುವ ಪೆಗ್ಗೇ ಅಲ್ವಾ?" ಅಂತ ಗೆಳೆಯ ಕೇಳಬಹುದು. ಹೌದಪ್ಪಾ, ಒಪ್ಪಿದೆ. ಆಕಾರ ಗೊತ್ತಿಲ್ಲದ ಶುರುವಿನಲ್ಲಿ ಅದೇ ಸುಲಭ, ಒಂದು ಕೊಂಡಿ ಸೇರಿಸಿ, ಒಂದು ತೆಗೆದು ನೋಡಬಹುದು. ನಾವು ಕೋಡ್ ಬರೆಯೋರೂ ಹಾಗೇ, ಎರಡು ಮಾಡ್ಯೂಲ್ ನಡುವೆ ಏನೋ ಒಂದು ತುರುಕಿ ಓಡಿಸ್ತೀವಿ. ಆದರೆ ಅದನ್ನೇ ಪ್ರೊಡಕ್ಷನ್‌ಗೆ ಕಳಿಸಿದ್ರೆ? ಉದ್ದ ಸಡಿಲ ಸರಪಳಿ ಅಂದ್ರೆ ದೊಡ್ಡ ಅಣು. ಕರುಳಿನಿಂದ ರಕ್ತಕ್ಕೆ ಹೋಗೋದು ಕಷ್ಟ, ಲಿವರ್ ಕಿಣ್ವಗಳು ಅದನ್ನ ಕಡಿದು ಹಾಕೋದು ಸುಲಭ.

ಇದು ಲ್ಯಾಬಿನ ತಕರಾರು ಅಂತ ನಗಬೇಡಿ. ಸ್ತನ ಕ್ಯಾನ್ಸರಿಗೆ ಫುಲ್ವೆಸ್ಟ್ರಂಟ್ ಅಂತ ಇದೆ, ಮಾಂಸಖಂಡಕ್ಕೆ ಒಂದೇ ಸಲ ಎರಡು ಇಂಜೆಕ್ಷನ್, ತಿಂಗಳು ತಿಂಗಳು. ಅಲಖನೂರಿನ ಹೆಣ್ಣುಮಗಳಿಗೆ ಅದು ಅಂದ್ರೆ ರಾಯಬಾಗ, ಅಲ್ಲಿಂದ ಮಿರಜ ಅಥವಾ ಬೆಳಗಾವಿ, ಜೊತೆಗೆ ಬರೋರ ಒಂದು ದಿನದ ಕೂಲಿ. ಅದರೆದುರು ಪರೀಕ್ಷೆಗಿಳಿದ ವೆಪ್ಡೆಜೆಸ್ಟ್ರಂಟ್ ಅನ್ನೋ ಪ್ರೋಟ್ಯಾಕ್ ದಿನಕ್ಕೊಂದು ಸಲ ನುಂಗೋ ಔಷಧ. ಅದರ ಲಿಂಕರಿನಲ್ಲಿ ಸಡಿಲ ಪೆಗ್ ಇಲ್ಲ, ಪಿಪೆರಿಡೀನ್, ಪಿಪೆರಜೀನ್ ಉಂಗುರಗಳ ಬಿಗಿ ನೊಗ! 2025ರ ಫಲಿತಾಂಶದಲ್ಲಿ ಇಎಸ್‌ಆರ್1 ಜೀನ್ ಬದಲಾಗಿದ್ದ ರೋಗಿಗಳಲ್ಲಿ ರೋಗ ಮುಂದುವರಿಯದೆ ನಿಂತ ಮಧ್ಯಮ ಅವಧಿ 5 ತಿಂಗಳು, ಇಂಜೆಕ್ಷನ್‌ನಲ್ಲಿ 2.1. ಎಲ್ಲಾ ರೋಗಿಗಳನ್ನೂ ಸೇರಿಸಿದಾಗ ಗೆಲುವು ಸಾಬೀತಾಗಲಿಲ್ಲ, ಅದನ್ನೂ ಹೇಳಿಬಿಡ್ತೀನಿ. ಪವಾಡ ಏನಲ್ಲ. ಆದರೆ ಆ ಔಷಧ ಹೊಟ್ಟೆ ದಾಟಿ ರಕ್ತಕ್ಕೆ ಸೇರಿದ್ದರಲ್ಲಿ "ಬರೀ ಹಗ್ಗ"ದ ಪಾಲು ಸಣ್ಣದಲ್ಲ.

ಗೆಳೆಯ ಮುಂದಿನ ಶನಿವಾರ ಸಿಗ್ತಾನೆ. ಚಹಾದ ಬಿಲ್ಲು ಅವನದೇ..